ವರ್ಚುವಲ್ ಮೆಮೊರಿ: ಸ್ವರೂಪ ಮತ್ತು ನಿರ್ವಹಣೆ

ಗಣಕಯಂತ್ರದ ಮುಖ್ಯ ಸ್ಮೃತಿಕೋಶ ಮಿತವಾದುದು. ಅದರಲ್ಲಿ ನಡೆಯುವ ಪ್ರೋಗ್ರಾಂಗಳ ಬೇಡಿಕೆ ಆ ಮಿತಿಯನ್ನು ಮೀರುವುದುಂಟು. ಈ ಕೊರತೆಯನ್ನು ನೀಗಿಸಲು ರೂಪುಗೊಂಡ ವ್ಯವಸ್ಥೆಯೇ ವರ್ಚುವಲ್ ಮೆಮೊರಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ ಕಾರ್ಯಾರಂಭ ಮಾಡಿದ ಅಟ್ಲಾಸ್ ಗಣಕದಲ್ಲಿ ಇದು ಮೊದಲು ಸಾಕಾರಗೊಂಡಿತು.

ಆಪರೇಟಿಂಗ್ ಸಿಸ್ಟಂ ಪ್ರತಿಯೊಂದು ಪ್ರೋಗ್ರಾಮಿಗೂ ಪ್ರತ್ಯೇಕ ವಿಳಾಸಗಳ ಸರಣಿಯನ್ನು ಒದಗಿಸಿ, ಅದನ್ನು ಪುಟಗಳಾಗಿ ವಿಭಾಗಿಸುತ್ತದೆ. ಹಲವು ಯಂತ್ರಗಳಲ್ಲಿ ಒಂದು ಪುಟದ ಗಾತ್ರ 4,096 ಬೈಟ್. ಯಾವ ಪುಟ ಎಲ್ಲಿದೆಯೆಂಬುದು ಪುಟಕೋಷ್ಟಕದಲ್ಲಿ ದಾಖಲಾಗಿರುತ್ತದೆ. ಬೇಕಾದ ಪುಟ ಸ್ಮೃತಿಕೋಶದಲ್ಲಿ ಇಲ್ಲದಿದ್ದರೆ, ಪ್ರೋಗ್ರಾಂ ಅನ್ನು ತಡೆದು ಡಿಸ್ಕಿನಿಂದ ಅದನ್ನು ತರಲಾಗುತ್ತದೆ. ಸ್ಥಳವಿಲ್ಲದಾಗ, ಕೆಲಕಾಲದಿಂದ ಬಳಕೆಯಾಗದ ಪುಟವೊಂದನ್ನು, ಅದು ಬದಲಾಗಿದ್ದರೆ ಡಿಸ್ಕಿಗೆ ಬರೆದು, ತೆರವುಗೊಳಿಸಲಾಗುತ್ತದೆ.

ಪ್ರೋಗ್ರಾಂ ಒಂದು ಕಾಲಕ್ಕೆ ಕೆಲವೇ ಪುಟಗಳನ್ನು ಬಳಸುವುದರಿಂದ ಇದು ಸಾಧ್ಯವಾಗಿದೆ. ಬಳಕೆಯಲ್ಲಿರುವ ಪುಟಗಳೇ ಸ್ಮೃತಿಕೋಶಕ್ಕೆ ಹಿಡಿಸದಾದಾಗ, ಯಂತ್ರವು ತರುವ ಮತ್ತು ಒಯ್ಯುವ ಕೆಲಸದಲ್ಲೇ ಮುಳುಗಿ ಸ್ತಬ್ಧವಾದಂತೆ ತೋರುತ್ತದೆ. ಪೀಟರ್ ಡೆನ್ನಿಂಗ್ ಈ ಸ್ಥಿತಿಯನ್ನು 1968ರಲ್ಲಿ ವಿವೇಚಿಸಿದರು.

ಕ್ಷೇತ್ರಕಾರ್ಯದ ಧ್ವನಿಮುದ್ರಣಗಳನ್ನು ಗಣಕದಲ್ಲಿ ಬರಹಕ್ಕಿಳಿಸುವ ಸಂಶೋಧಕರು ಗಮನಿಸಬೇಕಾದ ಅಂಶವೊಂದಿದೆ. ಹೀಗೆ ಡಿಸ್ಕಿಗೆ ಹೋದ ಪುಟವು ಉಳಿಸಿದ ಕಡತವಲ್ಲ. ಆ ಹೊತ್ತಿನಲ್ಲಿ ವಿದ್ಯುತ್ತನ್ನು ಕಡಿದರೆ, ಉಳಿಸದೆ ಬಿಟ್ಟ ಬರಹ ಮರಳಿ ದೊರೆಯುವ ಭರವಸೆಯಿಲ್ಲ.