ಈಜುಗೊಳದ ದಂಡೆಯಲ್ಲಿ ಹೆತ್ತವರು

ಬೇಸಿಗೆಯ ರಜೆ ಬಂತೆಂದರೆ ನಗರಗಳ ಉದ್ಯಾನವನಗಳಲ್ಲಿಯೂ ಸಾರ್ವಜನಿಕ ಈಜುಗೊಳಗಳಲ್ಲಿಯೂ ಕುಟುಂಬಗಳ ಸಂದಣಿ ಹೆಚ್ಚುತ್ತದೆ. ಮಕ್ಕಳು ಮನೆಯಿಂದ ಹೊರಬಂದು ಮೈ ದಣಿಸುವುದು ಸಂತೋಷದ ಸಂಗತಿಯೇ. ಹಿಂದೆ ನಮ್ಮ ಹಳ್ಳಿಗಳ ಮಕ್ಕಳು ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿಯುತ್ತಿದ್ದರು. ಮೇಲೆ ಅಣ್ಣನೋ ಸೋದರಮಾವನೋ ಹಗ್ಗ ಹಿಡಿದು ನಿಂತಿರುತ್ತಿದ್ದರು. ಈಗ ಬಾವಿಯ ಜಾಗಕ್ಕೆ ನೀಲಿ ಬಣ್ಣದ ಕೊಳ ಬಂದಿದೆ. ಹಗ್ಗ ಹಿಡಿದು ನಿಂತವನ ಜಾಗ ಮಾತ್ರ ಅನೇಕ ಕಡೆ ಖಾಲಿಯಾಗಿದೆ. ಟಿಕೇಟು ಕೊಂಡಾಯಿತು, ಜೀವರಕ್ಷಕನೂ ಇದ್ದಾನೆ ಎಂಬ ಧೈರ್ಯದಲ್ಲಿ ಹೆತ್ತವರು ಮೊಬೈಲಿನಲ್ಲಿ ಮಗ್ನರಾಗಿರುವುದನ್ನು ನಾವು ಎಲ್ಲೆಡೆ ಕಾಣುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗದಷ್ಟು ಜನ 5 ವರ್ಷದೊಳಗಿನ ಮಕ್ಕಳು. ಇವರೆಲ್ಲ ಈಜುಗೊಳದಲ್ಲಿ ಸತ್ತವರಲ್ಲ. ಕೆರೆ, ಬಾವಿ, ನದಿ, ಕಾಲುವೆಗಳೂ ಈ ಲೆಕ್ಕದಲ್ಲಿವೆ. ಆದರೆ ಮನುಷ್ಯ ಮುಳುಗುವ ಬಗೆ ಎಲ್ಲ ನೀರಿನಲ್ಲಿಯೂ ಒಂದೇ, ಮತ್ತು ಅದು ಚಲನಚಿತ್ರಗಳಲ್ಲಿ ತೋರಿಸುವಂತೆ ಇರುವುದಿಲ್ಲ.

ಮುಳುಗುತ್ತಿರುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ಕೂಗಲು ಉಸಿರು ಬೇಕು. ಬಾಯಿ ನೀರಿನಿಂದ ಕ್ಷಣಮಾತ್ರ ಮೇಲೆ ಬಂದಾಗ ದೇಹವು ಉಸಿರೆಳೆದುಕೊಳ್ಳಲು ಹವಣಿಸುತ್ತದೆಯೇ ಹೊರತು ಮಾತಿಗೆ ವ್ಯಯ ಮಾಡುವುದಿಲ್ಲ. ಕೈ ಬೀಸಿ ಕರೆಯುವುದೂ ಆಗದು. ತೋಳುಗಳು ತಾವಾಗಿಯೇ ಅಕ್ಕಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ದೇಹ ನೆಟ್ಟಗೆ ನಿಂತಂತಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಬಾಯಿ ನೀರಿನ ಮಟ್ಟದಲ್ಲಿರುತ್ತದೆ, ಕಣ್ಣಿನ ಮೇಲೆ ಬಿದ್ದ ಕೂದಲನ್ನು ಸರಿಸುವ ಗೋಜಿಗೂ ಮಗು ಹೋಗುವುದಿಲ್ಲ. ದೂರದಿಂದ ನೋಡುವವರಿಗೆ ಅದು ಆಟವಾಡುತ್ತಿರುವಂತೆಯೇ ತೋರುತ್ತದೆ. ಇಷ್ಟೆಲ್ಲ ನಡೆಯಲು ಬಹಳ ಸಲ ಒಂದು ನಿಮಿಷವೂ ಬೇಕಾಗುವುದಿಲ್ಲ. ಗಲಾಟೆ ಮಾಡುತ್ತಿದ್ದ ಮಗು ಏಕಾಏಕಿ ಸುಮ್ಮನಾದರೆ ತಕ್ಷಣ ಅತ್ತ ನೋಡಬೇಕು.

ಈಜು ಬಾರದ ಮಗು ಕೈಗೆ ಎಟಕುವಷ್ಟು ಹತ್ತಿರದಲ್ಲಿರಬೇಕು. ಗಾಳಿ ತುಂಬಿದ ತೋಳುಪಟ್ಟಿ, ಬಣ್ಣದ ಟ್ಯೂಬುಗಳು ಆಟಿಕೆಗಳೇ ಹೊರತು ರಕ್ಷಣೆಯ ಸಾಧನಗಳಲ್ಲ. ಮನೆಯವರು ಎಂಟು ಜನ ಬಂದಿದ್ದರೆ ಎಂಟು ಜನರೂ ನೋಡುತ್ತಿದ್ದಾರೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಯಾರೂ ನೋಡುತ್ತಿರುವುದಿಲ್ಲ. ಆದ್ದರಿಂದ ಅರ್ಧ ಗಂಟೆ ತಂದೆ, ಅರ್ಧ ಗಂಟೆ ಚಿಕ್ಕಮ್ಮ ಎಂದು ಸರದಿ ಗೊತ್ತುಮಾಡಿಕೊಳ್ಳುವುದು ಲೇಸು. ಸರದಿಯಲ್ಲಿರುವವರ ಕೈಯಲ್ಲಿ ಮೊಬೈಲು ಇರಕೂಡದು. ಮೂರ್ಛೆರೋಗವುಳ್ಳ ಮಕ್ಕಳ ವಿಷಯದಲ್ಲಿ ಜೀವರಕ್ಷಕನಿಗೂ ಮೊದಲೇ ತಿಳಿಸಿರಬೇಕು.

ಈಜು ಬಲ್ಲ ಹದಿಹರೆಯದ ಹುಡುಗರಿಗೆ ಇನ್ನೊಂದು ಅಪಾಯವಿದೆ. ನೀರಿನಡಿಯಲ್ಲಿ ಯಾರು ಹೆಚ್ಚು ಹೊತ್ತು ಇರಬಲ್ಲರೆಂದು ಪಂದ್ಯ ಕಟ್ಟಿ, ಮುಳುಗುವ ಮುನ್ನ ಜೋರಾಗಿ ಹತ್ತಾರು ಬಾರಿ ಉಸಿರಾಡುತ್ತಾರೆ. ಉಸಿರೆಳೆಯಬೇಕೆಂಬ ಚಡಪಡಿಕೆಯನ್ನು ಹುಟ್ಟಿಸುವುದು ಮುಖ್ಯವಾಗಿ ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡು. ಅದನ್ನು ಮೊದಲೇ ಹೊರಹಾಕಿಬಿಟ್ಟರೆ ಚಡಪಡಿಕೆ ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ಕುಸಿದು, ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜುವವನೂ ಎದೆಮಟ್ಟದ ನೀರಿನಲ್ಲಿ ಸಾಯುವುದು ಹೀಗೆ. ಈ ಪಂದ್ಯವನ್ನು ಖಂಡಿತವಾಗಿ ತಡೆಯಬೇಕು.

ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ನೀರಿಗೆ ಹಾರಬಾರದು. ಕೋಲು, ಟವೆಲು, ಸೀರೆಯ ಸೆರಗು, ಯಾವುದು ಸಿಕ್ಕರೂ ಚಾಚಿ ಎಳೆಯಬೇಕು. ಮೇಲೆತ್ತಿದ ಮೇಲೆ ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಅಮುಕಿ ನೀರು ಕಕ್ಕಿಸುವುದು ನಮ್ಮಲ್ಲಿ ಇನ್ನೂ ರೂಢಿಯಲ್ಲಿದೆ. ಇದರಿಂದ ಹೊಟ್ಟೆಯಲ್ಲಿದ್ದುದು ಶ್ವಾಸನಾಳಕ್ಕೆ ಹೊಕ್ಕು ಹಾನಿಯೇ ಹೆಚ್ಚು. ಶವವನ್ನು ಉಪ್ಪಿನಲ್ಲಿ ಹೂತರೆ ಜೀವ ಮರಳುತ್ತದೆಂಬ ಸುಳ್ಳು ಸುದ್ದಿಯೂ ಮೊಬೈಲುಗಳಲ್ಲಿ ಹರಿದಾಡುತ್ತದೆ. ಅದನ್ನು ನಂಬಿ ಕುಳಿತ ಹೆತ್ತವರನ್ನು ನೆನೆದರೆ ಕರುಳು ಹಿಂಡುತ್ತದೆ. ಮುಳುಗಿದವರ ಕೊರತೆ ಆಮ್ಲಜನಕದ್ದು. ಉಸಿರಾಟ ನಿಂತಿದ್ದರೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು ಮೊದಲು ಬಾಯಿಯಿಂದ ಬಾಯಿಗೆ ಉಸಿರು ಊದಬೇಕು. ಆಮೇಲೂ ಚಲನೆ ಕಾಣದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿ, 2 ಬಾರಿ ಊದಿ, ನೆರವು ಬರುವವರೆಗೆ ಮುಂದುವರಿಸಬೇಕು. ಅಷ್ಟರಲ್ಲಿ ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಿರಬೇಕು. ಚೇತರಿಸಿಕೊಂಡ ಮಗುವನ್ನೂ ಆಸ್ಪತ್ರೆಗೆ ಒಯ್ಯಲೇಬೇಕು. ಉಸಿರಾಟದ ತೊಂದರೆ ಕೆಲವು ಗಂಟೆಗಳ ತರುವಾಯ ಉಲ್ಬಣಿಸಬಹುದು. ಈ ವಿಧಾನವನ್ನು ಓದಿ ತಿಳಿದರೆ ಸಾಲದು, ಬಲ್ಲವರಿಂದ ಒಮ್ಮೆ ಕೈಯಾರೆ ಕಲಿತಿರಬೇಕು.

ಇನ್ನು ನೀರಿನ ಶುಚಿತ್ವ. ಕೊಳದಿಂದ ಘಾಟು ವಾಸನೆ ಬಂದರೆ ಕ್ಲೋರಿನ್ ಧಾರಾಳವಾಗಿ ಹಾಕಿದ್ದಾರೆಂದು ಜನ ಸಮಾಧಾನಪಡುತ್ತಾರೆ. ಆ ವಾಸನೆ ಬಹುಮಟ್ಟಿಗೆ ಶುದ್ಧ ಕ್ಲೋರಿನ್ನಿನದಲ್ಲ. ಬೆವರು ಮತ್ತು ಮೂತ್ರದೊಡನೆ ಕ್ಲೋರಿನ್ ಕೂಡಿದಾಗ ಕ್ಲೋರಮೈನ್‌ಗಳು ಹುಟ್ಟುತ್ತವೆ. ಮೂಗಿಗೆ ಬಡಿಯುವುದೂ ಕಣ್ಣು ಕೆಂಪಾಗಿಸುವುದೂ ಅವೇ. ಹೀಗೆ ವ್ಯಯವಾದ ಕ್ಲೋರಿನ್ನಿಗೆ ರೋಗಾಣುಗಳನ್ನು ಕೊಲ್ಲುವ ಶಕ್ತಿ ಕುಗ್ಗಿರುತ್ತದೆ. ಆದುದರಿಂದ ನೀರಿಗೆ ಇಳಿಯುವ ಮುನ್ನ ಸೋಪು ಹಚ್ಚಿ ಮೈತೊಳೆಯುವುದು, ತಲೆಯ ಕೊಬ್ಬರಿ ಎಣ್ಣೆಯನ್ನು ಮನೆಯಲ್ಲೇ ತೆಗೆದು ಬರುವುದು, ಮಕ್ಕಳನ್ನು ಗಂಟೆಗೊಮ್ಮೆ ಶೌಚಾಲಯಕ್ಕೆ ಕರೆದೊಯ್ಯುವುದು ಬರಿಯ ಸಭ್ಯತೆಯ ಮಾತಲ್ಲ. ಲೀಟರಿಗೆ ಕನಿಷ್ಠ 1 ಮಿಲಿಗ್ರಾಂ ಮುಕ್ತ ಕ್ಲೋರಿನ್, 7.2ರಿಂದ 7.8ರ ಪಿಎಚ್ ಇರಬೇಕು. ಇಂದಿನ ಅಳತೆ ಎಷ್ಟೆಂದು ಸಿಬ್ಬಂದಿಯನ್ನು ಕೇಳಲು ಸಂಕೋಚ ಬೇಡ. ಆಳದ ಕಡೆ ತಳದ ಜಾಲರಿ ಸ್ಪಷ್ಟವಾಗಿ ಕಾಣದಿದ್ದರೆ ಅಂದು ಇಳಿಯಲೇಬಾರದು. ಕದಡಿದ ನೀರಿನಲ್ಲಿ ತಳ ಸೇರಿದ ಮಗುವೂ ಕಾಣುವುದಿಲ್ಲ.

ಭೇದಿಯಾಗುತ್ತಿರುವ ಮಗುವನ್ನು ಕೊಳಕ್ಕೆ ತರಬಾರದು. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲಿಯೂ ವಾರಕ್ಕೂ ಮಿಕ್ಕಿ ಬದುಕಿರಬಲ್ಲದು. ಅಂತಹ ದಿನಗಳಲ್ಲಿ ಮಗು ಚೇತರಿಸಿಕೊಂಡು ಲವಲವಿಕೆಯಿಂದಿದ್ದರೆ ಉದ್ಯಾನವನದ ನೆರಳೇ ಸಾಕು. ಅದೂ ಬೆಳಿಗ್ಗೆ ಅಥವಾ ಸಂಜೆ, ಏಕೆಂದರೆ ಮಧ್ಯಾಹ್ನದ ಬಿಸಿಲಿಗೆ ಕಾದ ಕಬ್ಬಿಣದ ಜಾರುಬಂಡೆ ಎಳೆಯ ತೊಡೆಯನ್ನು ಸುಡುತ್ತದೆ. ಈಜಿದ ಮೇಲೆ ಕಿವಿಯಲ್ಲಿ ನೀರು ನಿಂತರೆ ತಲೆಯನ್ನು ಪಕ್ಕಕ್ಕೆ ವಾಲಿಸಿ ಇಳಿಸಿ, ಹೊರಗಿನಿಂದ ಒರೆಸಿದರೆ ಸಾಕು. ಕಡ್ಡಿ, ಹೇರ್‌ಪಿನ್ನು ಹಾಕಿ ಕೆದಕಬಾರದು. ಕಿವಿಯ ಹಾಲೆಯನ್ನು ಮುಟ್ಟಿದರೆ ಮಗು ನೋವೆಂದು ಅತ್ತರೆ ವೈದ್ಯರಿಗೆ ತೋರಿಸಿ, ಅವರು ಹೇಳುವವರೆಗೆ ನೀರಿಗೆ ಇಳಿಸದಿರುವುದು ಒಳಿತು.