ಒಂದು ಸಮಾಧಿಕಲ್ಲು, ಇಪ್ಪತ್ತೆರಡು ಅಕ್ಷರ: ಹೀಬ್ರೂ ಕಲಿಯಲು ಹೊರಟ ಕಥೆ

ಹಳೆಯ ಸಹೋದ್ಯೋಗಿಯೊಬ್ಬರು ಎರಡು ವರ್ಷದ ಹಿಂದೆ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದರು. "ಸರ್, ನೀವು ಶಾಸನ ಓದ್ತೀರಲ್ಲ, ಇದನ್ನೂ ಸ್ವಲ್ಪ ನೋಡಿ" ಅಂತ. ಅವರ ಪರಿಚಯದ ಯಹೂದಿ ಕುಟುಂಬವೊಂದರ ಮುತ್ತಜ್ಜಿಯ ಸಮಾಧಿಕಲ್ಲು ಅದು. ಮೇಲೆ ಆರು ಸಾಲು ಹೀಬ್ರೂ. ಇಂಗ್ಲಿಷಿನಲ್ಲಿದ್ದ ಕೆಳಭಾಗ ಚಕ್ಕೆ ಎದ್ದು ಹೋಗಿತ್ತು. ಮನೆಯ ಹಿರಿಯಮ್ಮನಿಗೆ ಬೇಕಾಗಿದ್ದದ್ದು ಒಂದೇ ವಿಷಯ: ಅಜ್ಜಿ ತೀರಿಕೊಂಡ ದಿನ. ಯಹೂದಿಗಳು ವರ್ಷಾಬ್ದಿಕದ ದೀಪ ಹಚ್ಚುವುದು ಹೀಬ್ರೂ ಪಂಚಾಂಗದ ತಿಥಿಗೆ, ನಾವು ಶ್ರಾದ್ಧವನ್ನು ತಿಥಿಗೆ ಮಾಡುವ ಹಾಗೆಯೇ. (ಕುಟುಂಬದವರು ಹೆಸರು, ಊರು ಬೇಡ ಎಂದಿದ್ದಾರೆ.)

ಹಳಗನ್ನಡ ಲಿಪಿ ಹದಿನೈದು ವರ್ಷದಿಂದ ಓದುತ್ತಿರುವ ನನಗೆ ಇಪ್ಪತ್ತೆರಡು ಅಕ್ಷರ ಏನು ಮಹಾ ಅನ್ನಿಸಿತು. ಜರಗನಹಳ್ಳಿಯ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಮಗಳ ಹಳೆಯ ನಾಲ್ಕು ಗೆರೆಯ ಕಾಪಿಪುಸ್ತಕದಲ್ಲಿ ಆಲೆಫ್, ಬೆತ್, ಗಿಮೆಲ್ ತಿದ್ದಲು ಕೂತೆ. ಬಲದಿಂದ ಎಡಕ್ಕೆ ಬರೆಯುವುದು ವಾರದಲ್ಲಿ ರೂಢಿಯಾಯಿತು. ಪದದ ಕೊನೆಗೆ ಬಂದಾಗ ಐದು ಅಕ್ಷರಗಳು ರೂಪ ಬದಲಿಸುತ್ತವೆ, ಅದೂ ಸರಿಹೋಯಿತು.

ಬಲದಿಂದ ಎಡಕ್ಕೆ ಸಾಗುವ ಬರಹ ನಮ್ಮ ನೆಲಕ್ಕೆ ಹೊಸದೇನಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಶಾಸನ ಪೂರ್ತಿ ಬ್ರಾಹ್ಮಿಯಲ್ಲಿದೆ. ಆದರೆ ಬರೆದವನಾದ ಚಪಡ 'ಲಿಪಿಕರೇಣ' ಎಂಬ ಕೊನೆಯ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ಖರೋಷ್ಠಿಯ ಮೂಲ ಅರಾಮಿಕ್ ಲಿಪಿ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಇವತ್ತಿನ ಚೌಕಾಕಾರದ ಹೀಬ್ರೂ ಅಕ್ಷರವೂ ಅರಾಮಿಕ್‌ನಿಂದಲೇ ಬಂದದ್ದು. ಅಂದರೆ ನಾನು ಕಾಪಿಪುಸ್ತಕದಲ್ಲಿ ತಿದ್ದುತ್ತಿದ್ದದ್ದು ಚಪಡನ ಆ ಒಂದು ಪದದ ದಾಯಾದಿಯನ್ನು!

ನಿಜವಾದ ಕಷ್ಟ ಸ್ವರಗಳದ್ದು. ನಮ್ಮ 'ಕ'ದೊಳಗೆ 'ಅ' ಕೂತಿರುತ್ತದೆ, ಬೇರೆ ಸ್ವರ ಬೇಕಾದರೆ ಕಾಗುಣಿತ ಇದೆ. ಹೀಬ್ರೂವಿನಲ್ಲಿ ಬರೆಯುವುದು ಮುಖ್ಯವಾಗಿ ವ್ಯಂಜನ. ಸ್ವರ ತೋರಿಸುವ ಚುಕ್ಕೆಗಳನ್ನು ಬಹಳ ಕಾಲದ ನಂತರ ರೂಪಿಸಿದರು, ಕಲ್ಲಿನ ಮೇಲೆ ಅವು ಸಾಮಾನ್ಯವಾಗಿ ಇರುವುದಿಲ್ಲ. ಭಾಷೆ ಗೊತ್ತಿದ್ದವರು ಸ್ವರ ತುಂಬಿಕೊಂಡು ಓದಬೇಕು. ಹಳಗನ್ನಡ ಶಾಸನಗಳಲ್ಲಿ ಎ-ಏ, ಒ-ಓ ಭೇದ ತೋರಿಸದಿದ್ದಾಗ ನಾವು ಅರ್ಥ ನೋಡಿ ಹ್ರಸ್ವವೋ ದೀರ್ಘವೋ ಎಂದು ತೀರ್ಮಾನಿಸುತ್ತೇವಲ್ಲ, ಅದನ್ನೇ ಪ್ರತಿ ಅಕ್ಷರಕ್ಕೂ ಮಾಡಬೇಕಾದ ಪರಿಸ್ಥಿತಿ.

ಇದಕ್ಕೆ ಮಂಗಳೂರಿನ ಉದಾಹರಣೆಯೇ ಇದೆ. ಟುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ, ಸುಮಾರು 1132ರಿಂದ 1149ರವರೆಗೆ, ಮಲಬಾರ್ ಕರಾವಳಿಯಲ್ಲಿ, ಹೆಚ್ಚಾಗಿ ಮಂಗಳೂರಿನಲ್ಲಿ ಇದ್ದ. ಅವನ ಪತ್ರಗಳು ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಗೆನಿಜಾದಲ್ಲಿ, ಅಂದರೆ ಹಳೆಯ ಬರಹಗಳನ್ನು ಎಸೆಯದೆ ತುಂಬಿಡುವ ಕೋಣೆಯಲ್ಲಿ, ಉಳಿದುಕೊಂಡವು. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಅವನ ಪರವಾಗಿ ಏಡನ್‌ಗೆ ಹೋಗಿಬರುತ್ತಿದ್ದ ಸೇವಕನ ಹೆಸರು ಅಲ್ಲಿ ಮೂರೇ ಅಕ್ಷರ: ಬೆತ್, ಮೆಮ್, ಹೇ. ಇದನ್ನು ಮೊದಲು 'ಬಾಮ' ಎಂದು ಓದಲಾಗಿತ್ತು. ಆ ಸೇವಕನ ಜಾಡು ಹಿಡಿದು ಅಮಿತಾವ್ ಘೋಷ್ ಮಂಗಳೂರಿಗೆ ಬಂದಾಗ ಪ್ರೊ. ಬಿ.ಎ. ವಿವೇಕ ರೈ ಅವರು ಅದು 'ಬೊಮ್ಮ' ಎಂದು ತೋರಿಸಿಕೊಟ್ಟರು. ನಮ್ಮ ಶಾಸನಗಳನ್ನು ನೋಡಿದವರಿಗೆ ಬೊಮ್ಮ, ಬೊಮ್ಮಯ್ಯ, ಬೊಮ್ಮಗಾವುಂಡ ಎಲ್ಲ ಪರಿಚಿತರೇ. ಘೋಷ್ ಅವರ ಪುಸ್ತಕ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' 1992ರಲ್ಲಿ ಬಂತು. ಹೀಬ್ರೂ ಬಲ್ಲವರಿಗೆ ಸಿಗದ 'ಒ'ಕಾರ ತುಳುನಾಡಿನ ಹೆಸರುಗಳನ್ನು ಬಲ್ಲವರಿಗೆ ಸಿಕ್ಕಿತು. ನನಗಂತೂ ಇದು ಬಹಳ ಖುಷಿ ಕೊಟ್ಟ ಓದು.

ಕಲ್ಲಿಗೆ ಬರುತ್ತೇನೆ. ಹೀಬ್ರೂ ಸಮಾಧಿಲೇಖದ ತಲೆಯಲ್ಲಿ ಸಾಮಾನ್ಯವಾಗಿ ಪೆ-ನೂನ್ ಎಂಬ ಎರಡಕ್ಷರದ ಸಂಕ್ಷೇಪ ಇರುತ್ತದೆ, 'ಇಲ್ಲಿ ಹೂಳಲಾಗಿದೆ' ಎಂದು. ಅಂಕಿಗಳ ಬದಲು ಅಕ್ಷರಗಳೇ ಸಂಖ್ಯೆಗಳು. ಆಲೆಫ್ 1, ಬೆತ್ 2, ಹೀಗೆ ಯೋದ್ 10, ಕೋಫ್ 100, ಕೊನೆಯ ತಾವ್ 400. ನಮ್ಮ ಕಟಪಯಾದಿಗಿಂತ ಸುಲಭ, ಇಲ್ಲಿ ಬರೀ ಕೂಡಿದರೆ ಸಾಕು. ಆದರೆ 15 ಬರೆಯುವುದು 10+5 ಎಂದಲ್ಲ, 9+6 ಎಂದು. ಏಕೆಂದರೆ 10 ಮತ್ತು 5ರ ಅಕ್ಷರ ಸೇರಿದರೆ ದೇವರ ಹೆಸರಾಗುತ್ತದೆ. ವರ್ಷದಲ್ಲಿ ಐದು ಸಾವಿರವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನಮ್ಮ ಕಲ್ಲಿನಲ್ಲಿದ್ದದ್ದು ತಾವ್-ಶಿನ್, 400+300. ಅಂದರೆ 5700. ವರ್ಷ ಶುರುವಾಗುವುದು ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ, ಆದ್ದರಿಂದ ಡಿಸೆಂಬರ್ ಕೊನೆಯವರೆಗೆ 3761 ಕಳೆಯಬೇಕು, ಆಮೇಲೆ 3760. ತಿಂಗಳು ಹೆಷ್ವಾನ್ ಆದ್ದರಿಂದ 1939. ದಿನದ ಜಾಗದಲ್ಲಿ ಒಂದೇ ಅಕ್ಷರ. ಹೆತ್ ಎಂದು ಓದಿದೆ, ಬೆಲೆ 8. 'ಹೆಷ್ವಾನ್ 8' ಅಂತ ಬರೆದು ಕಳಿಸಿಬಿಟ್ಟೆ. ಅವರು ಆ ವರ್ಷ ಅದೇ ದಿನ ದೀಪ ಹಚ್ಚಿದರು.

ಆರೇಳು ತಿಂಗಳಾದ ಮೇಲೆ, ಇದೇ ಲೇಖನಕ್ಕೆ ಟಿಪ್ಪಣಿ ಮಾಡುವಾಗ, ಮೊದಲು ಸುಮ್ಮನೆ ದಾಟಿಸಿದ್ದ ಎರಡು ಪದ ಕಣ್ಣಿಗೆ ಬಿತ್ತು: ಯೋಮ್ ದಾಲೆತ್. ಹೀಬ್ರೂವಿನಲ್ಲಿ ವಾರಗಳಿಗೆ ಎಣಿಕೆಯೇ ಹೆಸರು. ಭಾನುವಾರ ಒಂದನೆಯ ದಿನ, ಆದ್ದರಿಂದ ನಾಲ್ಕನೆಯದು ಬುಧವಾರ. ಶಕವರ್ಷ, ಸಂವತ್ಸರ, ತಿಥಿ, ವಾರ ಎಲ್ಲ ಕೊಟ್ಟ ಶಾಸನ ಸಿಕ್ಕರೆ ಸ್ವಾಮಿಕಣ್ಣು ಪಿಳ್ಳೈ ಅವರ ಪಂಚಾಂಗ ಕೋಷ್ಟಕ ತೆಗೆದು ತಾಳೆ ನೋಡದೆ ನಾವು ಯಾರೂ ಮುಂದೆ ಹೋಗುವುದಿಲ್ಲ. ಆ ಕೆಲಸ ಇಲ್ಲಿ ಮಾಡಿರಲೇ ಇಲ್ಲ. ಈಗ ಮಾಡಿದೆ. 5700ನೇ ವರ್ಷ ಶುರುವಾದದ್ದು 1939ರ ಸೆಪ್ಟೆಂಬರ್ 14, ಗುರುವಾರ. ಮೊದಲ ತಿಂಗಳು ತಿಶ್ರಿಗೆ 30 ದಿನ. ಹೆಷ್ವಾನ್ 1 ಅಕ್ಟೋಬರ್ 14, ಶನಿವಾರ. ಹಾಗಾದರೆ ಹೆಷ್ವಾನ್ 8ಕ್ಕೆ ಮತ್ತೆ ಶನಿವಾರವೇ ಬರುತ್ತದೆ. ಬುಧವಾರ ಬರುವುದು ಹೆಷ್ವಾನ್ 5ಕ್ಕೆ, ಅಕ್ಟೋಬರ್ 18ರಂದು.

ಐದರ ಅಕ್ಷರ ಹೇ. ಹೇ ಮತ್ತು ಹೆತ್ ನಡುವಿನ ವ್ಯತ್ಯಾಸ ಇಷ್ಟೇ: ಹೆತ್‌ನ ಎಡಗಾಲು ಮೇಲಿನ ಗೆರೆಗೆ ಕೂಡಿರುತ್ತದೆ, ಹೇಯಲ್ಲಿ ಕೂದಲೆಳೆಯಷ್ಟು ಸಂದಿ. ಅವರಿಂದ ಹೊಸ ಫೋಟೊ ತರಿಸಿದೆ, ಈ ಸಲ ಬೆಳಗಿನ ಓರೆ ಬಿಸಿಲಲ್ಲಿ ತೆಗೆದದ್ದು. ಸಂದಿಯಲ್ಲಿ ಹಳೆಯ ಸುಣ್ಣ ಮೆತ್ತಿಕೊಂಡಿತ್ತು. ಹಳೆಯ ಫೋಟೊದ ನಡುಮಧ್ಯಾಹ್ನದ ಬೆಳಕಿನಲ್ಲಿ ಅದು ಗೆರೆಯ ಹಾಗೇ ಕಾಣುತ್ತಿತ್ತು.

ಫೋನ್ ಮಾಡೋಕೆ ಎರಡು ದಿನ ಬೇಕಾಯಿತು. ಹಿರಿಯಮ್ಮನೇ ಎತ್ತಿದರು. "ಅಮ್ಮ, ನಾನು ತಪ್ಪು ಓದಿದ್ದೆ, ಮೂರು ದಿನ ವ್ಯತ್ಯಾಸ ಆಗಿದೆ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇಷ್ಟು ವರ್ಷ ದಿನವೇ ಗೊತ್ತಿರಲಿಲ್ಲ, ಬಿಡಪ್ಪ. ಈ ಸಲ ಹಿಂದಿನ ಸಂಜೆಯೇ ಹಚ್ಚಬೇಕು, ನಮ್ಮ ದಿನ ಸೂರ್ಯ ಮುಳುಗಿದಾಗಲೇ ಶುರು. ಅದನ್ನೂ ಬರ್ಕೋ" ಅಂದರು.

ಬರೆದುಕೊಂಡೆ. ಇಂಥ ಕಲ್ಲುಗಳ ಚಿತ್ರ ನಿಮ್ಮಲ್ಲಿದ್ದರೆ ಕಳಿಸಿ, ಆದರೆ ಓರೆ ಬೆಳಕಲ್ಲಿ ತೆಗೆದದ್ದು. ಸುಣ್ಣ ಕೆರೆಯಲು ದಯವಿಟ್ಟು ಹೋಗಬೇಡಿ.