ಬಿಜಾಪುರ ಸೀಮೆಯ ಕಥೋಲಿಕ ಪ್ರಾರ್ಥನಾ ಜೀವನ ಮತ್ತು ಅದರ ಪರಿಭಾಷೆ

ಬಸವನ ಬಾಗೇವಾಡಿಯು ಬಸವಣ್ಣನವರ ಜನ್ಮಭೂಮಿಯೆಂದು ಪ್ರಸಿದ್ಧವಾದುದು. ಅದರ ಉತ್ತರಕ್ಕೆ ಭೀಮಾತೀರದ ಕಡೆ ಇಂಡಿ, ಸಿಂದಗಿ, ಚಡಚಣಗಳೂ ದಕ್ಷಿಣಕ್ಕೆ ಕೃಷ್ಣಾತೀರದ ಕಡೆ ಮುದ್ದೇಬಿಹಾಳವೂ ಇವೆ. ದೀಕ್ಷೆ, ಪ್ರಸಾದ, ವಿಭೂತಿ, ಜಪ ಎಂಬ ಮಾತುಗಳು ಈ ಸೀಮೆಯ ಜನಕ್ಕೆ ಗ್ರಂಥಗಳಿಂದ ಬಂದವಲ್ಲ. ಮನೆಯ ನಿತ್ಯದ ನಡೆಯಿಂದ ಬಂದವು. ಇದೇ ಮಾತುಗಳು ಕನ್ನಡ ಕಥೋಲಿಕ ಕ್ರೈಸ್ತರ ಪ್ರಾರ್ಥನೆಯಲ್ಲಿಯೂ ಉಂಟು. ಇದನ್ನು ಕಂಡು ಕೆಲವರು, ಇದು ಪರದೇಶದ ಮತವು ತೊಟ್ಟ ಕನ್ನಡದ ಉಡುಗೆಯೆನ್ನುತ್ತಾರೆ. ಮತ್ತೆ ಕೆಲವರು, ಮಾತು ಒಂದಾದ ಮೇಲೆ ಅರ್ಥವೂ ಒಂದೇ ಎನ್ನುತ್ತಾರೆ. ಎರಡೂ ಆತುರದ ತೀರ್ಮಾನಗಳೆಂದು ನಮಗೆ ತೋರುತ್ತದೆ. ಆದುದರಿಂದ ಈ ಮಾತುಗಳು ಒಂದು ಧರ್ಮಕೇಂದ್ರದ ದಿನಚರಿಯಲ್ಲಿ ಹೇಗೆ ಬಳಕೆಯಾಗುತ್ತವೆ ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಮೊದಲು ಚರಿತ್ರೆಯ ಹಿನ್ನೆಲೆಯನ್ನು ನೋಡಬೇಕು. ಈ ಸೀಮೆಯಲ್ಲಿ ಕಥೋಲಿಕರ ಸಂಖ್ಯೆ ಅತ್ಯಲ್ಪ. ಆದರೆ ಬಿಜಾಪುರದ ಹೆಸರು ಕಥೋಲಿಕ ಧರ್ಮಸಭೆಯ ಚರಿತ್ರೆಗೆ ಹೊಸದಲ್ಲ. ಗೋವೆಯ ದಿವಾಡಿ ದ್ವೀಪದ ಬ್ರಾಹ್ಮಣ ಮೂಲದ ಮತೇವುಸ್ ದೆ ಕಾಸ್ತ್ರೊ ಎಂಬವರನ್ನು ರೋಮಿನ ಅಧಿಕಾರಿಗಳು ೧೬೩೭ರಲ್ಲಿ ಧರ್ಮಾಧ್ಯಕ್ಷರನ್ನಾಗಿ ಮಾಡಿ, ಆದಿಲಶಾಹಿ ರಾಜ್ಯದ ಕಥೋಲಿಕರ ಹೊಣೆಯನ್ನು ಅವರಿಗೆ ಒಪ್ಪಿಸಿದರು. ಗೋವೆಯ ಪೋರ್ತುಗೀಜರು ಅವರ ಅಧಿಕಾರವನ್ನು ಮನ್ನಿಸಲಿಲ್ಲ. ಅವರು ಆಗ ಬಿಜಾಪುರಕ್ಕೆ ಸೇರಿದ್ದ ದಿಚೋಲಿಯಲ್ಲಿ ನೆಲಸಿದರು. ಕೃಷ್ಣೆಯ ಆಚೆ, ರಾಯಚೂರು ದೋಆಬಿನ ಮುದಗಲ್ಲಿನಲ್ಲಿ, ತಮ್ಮ ಮೂಲವನ್ನು ಆದಿಲಶಾಹಿ ಕಾಲಕ್ಕೆ ಒಯ್ಯುವ ಕಥೋಲಿಕ ಸಮುದಾಯವು ಇಂದಿಗೂ ಇದೆ. ಇಂದಿನ ವಿಜಯಪುರ ಜಿಲ್ಲೆಯು ೨೦೦೫ರಲ್ಲಿ ಸ್ಥಾಪಿತವಾದ ಗುಲ್ಬರ್ಗ ಧರ್ಮಪ್ರಾಂತಕ್ಕೆ ಸೇರಿದೆ.

ಇನ್ನು ಪರಿಭಾಷೆಯ ವಿಚಾರ. ದೇಶಭಾಷೆಯ ಪದಗಳಲ್ಲಿಯೇ ಕ್ರೈಸ್ತ ತತ್ತ್ವವನ್ನು ಹೇಳಬೇಕೆಂಬ ಪದ್ಧತಿಯನ್ನು ರೊಬೆರ್ತೊ ದೆ ನೊಬಿಲಿಯವರು ೧೬೦೬ರಿಂದ ಮಧುರೆಯಲ್ಲಿ ಬೆಳೆಸಿದರು. ಅದೇ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ದೊ ಚಿನ್ನಮಿಯವರು ಕನ್ನಡವನ್ನು ಕಲಿತು ಧರ್ಮಬೋಧೆಯನ್ನು ಕನ್ನಡದಲ್ಲಿ ಬರೆದರು. ಹೀಗೆ ನುಡಿಯನ್ನು ಸ್ವೀಕರಿಸಿದರೂ ಅರ್ಥವು ಬದಲಾಗದೆ ಉಳಿಯಲಿಲ್ಲ. ವಿಭೂತಿಯನ್ನೇ ತೆಗೆದುಕೊಳ್ಳೋಣ. ವೀರಶೈವರ ಅಷ್ಟಾವರಣಗಳಲ್ಲಿ ಅದು ಒಂದು. ಭಕ್ತನು ಅದನ್ನು ಪ್ರತಿದಿನವೂ ಧರಿಸುತ್ತಾನೆ. ಕಥೋಲಿಕರಲ್ಲಿ ವಿಭೂತಿ ಬುಧವಾರವು ವರ್ಷಕ್ಕೊಮ್ಮೆ, ತಪಸ್ಸುಕಾಲದ ಆರಂಭದಲ್ಲಿ ಬರುತ್ತದೆ. ಹಿಂದಿನ ವರ್ಷದ ಗರಿಗಳ ಭಾನುವಾರದಲ್ಲಿ ಹಿಡಿದ ಗರಿಗಳನ್ನು ಸುಟ್ಟು ಆ ಬೂದಿಯನ್ನು ಮಾಡುವ ರೂಢಿಯಿದೆ. ಒಂದು ಕಡೆ ವಿಭೂತಿಯು ಶಿವಭಕ್ತಿಯ ನಿತ್ಯಲಾಂಛನ. ಇನ್ನೊಂದು ಕಡೆ ಮನುಷ್ಯನು ಮಣ್ಣಿನವನೆಂಬ ಸ್ಮರಣೆ, ಪಶ್ಚಾತ್ತಾಪದ ಕರೆ. ಪ್ರಸಾದವೆಂಬ ಮಾತೂ ಹಾಗೆಯೇ. ಎರಡು ಕಡೆಗಳಲ್ಲಿಯೂ ಅದು ಕೃಪೆಯನ್ನು ಸೂಚಿಸುತ್ತದೆ. ಆದರೆ ಬಲಿಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದವು ಕ್ರಿಸ್ತನ ಶರೀರವೇ ಎಂಬುದು ಕಥೋಲಿಕರ ನಂಬಿಕೆ.

ಧರ್ಮಕೇಂದ್ರದ ಜೀವನವು ಭಾನುವಾರದ ಬಲಿಪೂಜೆಯಿಂದ ಮುಗಿಯುವುದಿಲ್ಲ. ವಿಶ್ವಾಸಿಗಳ ಮನೆಗಳು ವಿರಳವಾಗಿದ್ದು ದೇವಾಲಯವು ದೂರವಿರುವ ಕಡೆ ಮನೆಯೇ ಪ್ರಾರ್ಥನೆಯ ಪ್ರಥಮ ಸ್ಥಾನವಾಗುತ್ತದೆ. ಸಂಜೆ ಮನೆಯವರೆಲ್ಲ ಕೂಡಿ ಜಪಸರವನ್ನು ಹೇಳುವುದು ಇದಕ್ಕೆ ಉತ್ತಮ ನಿದರ್ಶನ. ಮರಿಯಮ್ಮನವರಿಗೆ ಸಲ್ಲಿಸುವ ಪ್ರಾರ್ಥನೆಯನ್ನು ಹತ್ತು ಹತ್ತಾಗಿ ಐದು ಸಲ ಎಣಿಸುತ್ತ, ಒಂದೊಂದು ಹತ್ತಕ್ಕೂ ಕ್ರಿಸ್ತನ ಜೀವನದ ಒಂದೊಂದು ಘಟನೆಯನ್ನು ಧ್ಯಾನಿಸುತ್ತಾರೆ. ಪೂರ್ವದಲ್ಲಿ ಇಂಥ ಧ್ಯಾನವಿಷಯಗಳು ೧೫. ೨೦೦೨ರಲ್ಲಿ ಎರಡನೆಯ ಜಾನ್ ಪೌಲರು ಐದನ್ನು ಸೇರಿಸಿದ ಮೇಲೆ ೨೦ ಆದುವು. ಹದಿನೈದು ಹತ್ತುಗಳ ೧೫೦ ಪ್ರಾರ್ಥನೆಗಳು ಬೈಬಲಿನ ೧೫೦ ಕೀರ್ತನೆಗಳಿಗೆ ಸಮನಾಗಿದ್ದುವು. ಲತೀನಿನ ಕೀರ್ತನೆಗಳನ್ನು ಓದಲಾರದ ಸಾಮಾನ್ಯರಿಗೆ ಜಪಸರವು ಓದುಬಾರದವರ ಪ್ರಾರ್ಥನಾ ಪುಸ್ತಕವಾಯಿತು.

ಈ ಮಾತಿನ ಮಹತ್ತ್ವವು ೧೯೬೩ರ ಸಂಗತಿಯನ್ನು ನೆನೆದಾಗ ಸ್ಪಷ್ಟವಾಗುತ್ತದೆ. ಆ ವರ್ಷದ ಡಿಸೆಂಬರ್ ೪ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯನ್ನು ಕುರಿತು ಹೊರಡಿಸಿದ ನಿರ್ಣಯವು ದೇಶಭಾಷೆಗಳಿಗೆ ದಾರಿಯನ್ನು ತೆರೆಯಿತು. ಅದಕ್ಕೆ ಮೊದಲು ಗುರುಗಳು ಪೀಠದಲ್ಲಿ ಲತೀನಿನಲ್ಲಿ ಪೂಜೆಯನ್ನು ನಡೆಸುತ್ತಿದ್ದರು; ಜನರಲ್ಲಿ ಅನೇಕರು ಕೆಳಗೆ ತಮ್ಮ ಜಪಸರವನ್ನು ಎಣಿಸುತ್ತಿದ್ದರು. ಮನೆಯ ಕನ್ನಡವೂ ಪೀಠದ ಭಾಷೆಯೂ ಬೇರೆಯಾಗಿದ್ದುವು. ನಿರ್ಣಯದ ತರುವಾಯ ಅವು ಕ್ರಮೇಣ ಒಂದಾದುವು. ನೋಡುವವರಾಗಿದ್ದ ಜನರು ಉತ್ತರ ಕೊಡುವವರಾದರು.

ಹಾಗಾದರೆ ಆತ್ಮದ ಬೆಳವಣಿಗೆಯೆಂದರೇನು? ಕಥೋಲಿಕ ಸಂಪ್ರದಾಯವು ಶುದ್ಧೀಕರಣ, ಜ್ಞಾನಪ್ರಕಾಶ, ಐಕ್ಯ ಎಂಬ ಮೂರು ಹಂತಗಳನ್ನು ಹೇಳುತ್ತದೆ. ಶರಣರ ಷಟ್‌ಸ್ಥಲವು ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಆರು ಮೆಟ್ಟಲುಗಳನ್ನು ಹೇಳುತ್ತದೆ. ಕೊನೆಯ ಪದವು ಒಂದೇ ಆದರೂ ಕಥೋಲಿಕ ತತ್ತ್ವದಲ್ಲಿ ಸೃಷ್ಟಿಕರ್ತನಿಗೂ ಜೀವನಿಗೂ ಇರುವ ಭೇದವು ಪ್ರೇಮದ ಐಕ್ಯದಲ್ಲಿಯೂ ಅಳಿಯುವುದಿಲ್ಲ. ಈ ಬೆಳವಣಿಗೆಗೆ ಸಾಮಾನ್ಯ ಗೃಹಸ್ಥನಿಗೆ ಹೇಳಿರುವ ಸಾಧನೆಯು ಸರಳವಾದುದು. ೧೫೪೮ರಲ್ಲಿ ಅಚ್ಚಾದ ಇಗ್ನೇಷಿಯಸ್ ಲೊಯೋಲರ ಸಾಧನಾಗ್ರಂಥವು ಆತ್ಮಪರೀಕ್ಷೆಯ ಕ್ರಮವನ್ನು ತಿಳಿಸುತ್ತದೆ: ಪಡೆದುದಕ್ಕೆ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ನಡೆನುಡಿಗಳ ಪರಿಶೋಧನೆ, ತಪ್ಪಿಗೆ ಕ್ಷಮಾಯಾಚನೆ, ತಿದ್ದಿಕೊಳ್ಳುವ ಸಂಕಲ್ಪ. ಇದಕ್ಕೆ ಮಠವೂ ಬೇಡ, ಪಾಂಡಿತ್ಯವೂ ಬೇಡ. ಹೊಲದಿಂದ ಬಂದ ಒಕ್ಕಲಿಗನೂ ಮಲಗುವ ಮುನ್ನ ಮಾಡಬಹುದು.

ಇಷ್ಟರಿಂದ ಚರಿತ್ರೆಯ ವಿದ್ಯಾರ್ಥಿಗಳು ಗ್ರಹಿಸಬೇಕಾದ ಅಂಶವೊಂದಿದೆ. ಅಲ್ಪಸಂಖ್ಯೆಯ ಸಮುದಾಯವನ್ನು ಅದರ ಮೂಲಸ್ಥಾನದಿಂದ ಮಾತ್ರ ಅಳೆದರೆ ಅದು ಸದಾ ಪರಕೀಯವಾಗಿ ಕಾಣುತ್ತದೆ. ಅದರ ಮಾತುಗಳಿಂದ ಮಾತ್ರ ಅಳೆದರೆ ಅದರ ವೈಶಿಷ್ಟ್ಯವೇ ಮಾಯವಾಗುತ್ತದೆ. ಮಾತನ್ನು ಆಚರಣೆಯೊಡನೆ ಇಟ್ಟು ನೋಡಿದಾಗ, ಒಂದೇ ಕನ್ನಡವು ಎರಡು ಶ್ರದ್ಧೆಗಳ ಭಾರವನ್ನು ಹೊತ್ತು ನಿಂತಿರುವುದು ತಿಳಿಯುತ್ತದೆ. ಹಾಗೆ ಹೊರಬಲ್ಲ ಶಕ್ತಿಯನ್ನು ಈ ನುಡಿಗೆ ಕೊಟ್ಟವರಲ್ಲಿ ಬಾಗೇವಾಡಿಯ ಶರಣನೂ ಒಬ್ಬನೆಂಬುದು ಈ ಸೀಮೆಯ ಹಿರಿಮೆ.